ಮೀನಾಕ್ಷಮ್ಮನ ಅರ್ಧ ಮಾತು

ಮೀನಾಕ್ಷಮ್ಮನಿಗೆ ಜನರನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಜನ ತಿನ್ನುವುದನ್ನು ದಿನಾ ನಿಂತು ನೋಡುವವರಿಗೆ ಅವರ ಮೇಲೆ ಗೌರವ ಉಳಿಯುವುದು ಕಷ್ಟ ಎಂದು ಗಂಡನಿಗೆ ಹೇಳುತ್ತಿದ್ದಳು. ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ಅವಳ ಹೋಳಿಗೆ ಅಂಗಡಿ. ರಸ್ತೆಗೆ ಮುಖ ಮಾಡಿದ ದೊಡ್ಡ ಕಾವಲಿ, ಕಾವಲಿಯ ಮುಂದೆ ಜನ. ಬಿಸಿ ಹೋಳಿಗೆ ಕೈಗೆ ಬರುವ ತನಕ ಅವರ ಕಣ್ಣಿನಲ್ಲಿ ಗರ್ಭಗುಡಿಯ ಮುಂದೆ ನಿಂತವರ ಭಕ್ತಿ. ತಿಂದಾದ ಮೇಲೆ ಬಾಳೆಲೆಯ ಚೂರನ್ನು ಪಕ್ಕದಲ್ಲೇ ಇದ್ದ ಬುಟ್ಟಿ ಬಿಟ್ಟು ಚರಂಡಿಗೆ ಎಸೆದು, ಇವತ್ತು ಯಾಕೋ ತುಪ್ಪ ಕಮ್ಮಿ ಎಂದು ಹೇಳಿ ಹೋಗುತ್ತಿದ್ದರು.

ಅವಳು ಹರಪನಹಳ್ಳಿ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ಚನ್ನಬಸವಯ್ಯ ಆಗ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಶ್ರೀನಗರದ ವಠಾರದಲ್ಲಿ ನಲ್ಲಿಯ ಹತ್ತಿರ ನಿಂತ ಹೆಂಗಸರು ಅವಳ ಬಾಯಿಂದ ಒಂದೊಂದೇ ಮಾತು ಹೇಳಿಸಿ, ಅವಳ ಊರಿನ ಎಳೆತ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಒಂದು ವರ್ಷದೊಳಗೆ ಅವಳು ಅವರ ಹಾಗೆಯೇ ಮಾತಾಡುವುದನ್ನು ಕಲಿತಳು. ಆದರೆ ಅವರ ಆ ನಗುವನ್ನು ಮಾತ್ರ ಕ್ಷಮಿಸಲಿಲ್ಲ. ಹಬ್ಬಕ್ಕೆ ಅದೇ ಹೆಂಗಸರಿಗೆ ಹೋಳಿಗೆ ತಟ್ಟಿಕೊಡಲು ಶುರು ಮಾಡಿದ್ದು ಬೆಳೆದು ಅಂಗಡಿಯಾಯಿತು. ಈಗ ಚನ್ನಬಸವಯ್ಯ ಹಣೆತುಂಬ ವಿಭೂತಿ ಬಳಿದುಕೊಂಡು ಗಲ್ಲಾದಲ್ಲಿ ಕೂತು ಫೋನು ನೋಡುತ್ತಿದ್ದ. ಅವನ ಬಟ್ಟೆ ಅಂಗಡಿಯ ನೌಕರಿ ಮುಗಿದು ಬಹಳ ಕಾಲವಾಗಿತ್ತು.

ಕಾವಲಿಯ ಮುಂದೆ ನಿಲ್ಲುತ್ತಿದ್ದವಳು ಜ್ಯೋತ್ಸ್ನಾ. ಬಂಗಾಳದ ಉತ್ತರದ ತುದಿಯ ಕೂಚ್ ಬೆಹಾರ್ ಕಡೆಯವಳು. ಕಂಬಿ ಕಟ್ಟುವ ಕೆಲಸದ ಗಂಡನ ಜೊತೆ ಬಂದಿದ್ದಳು. ಗಂಡ ಕೇರಳಕ್ಕೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ಪಾತ್ರೆ ತೊಳೆಯಲು ಸೇರಿದವಳು, ತಟ್ಟುವ ಹೆಂಗಸು ಬಾರದ ಒಂದು ದಿನ ತಾನೇ ಕಣಕ ಹಿಡಿದಳು. ಮೀನಾಕ್ಷಮ್ಮ ಪಕ್ಕದಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಅದೇ ಹೊಗಳಿಕೆ ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜ್ಯೋತ್ಸ್ನಾ ಕನ್ನಡ ಕಲಿತದ್ದೂ ಮೀನಾಕ್ಷಮ್ಮನಿಂದಲೇ. ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧಕ್ಕರ್ಧ ಬೈಗುಳವೇ ಇತ್ತು, ಅದನ್ನು ಅವಳು ಬಹಳ ಮುದ್ದಾಗಿ ಆಡುತ್ತಿದ್ದಳು.

ಇಂಥ ಅಂಗಡಿಗೆ ವಾರಕ್ಕೆರಡು ಸಲ ಬರುತ್ತಿದ್ದವರು ಜಯನಗರದ ಬದರಿನಾಥರು. ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಹೆಂಡತಿಯ ಹೆಸರು ಕೊರೆದಿದ್ದ ಸ್ಟೀಲ್ ಡಬ್ಬಿ ತಂದು ಕಟ್ಟೆಯ ಮೇಲೆ ಇಟ್ಟು, ಹೋಳಿಗೆ ತುಂಬುವ ತನಕ ಜಗತ್ತಿನ ಎಲ್ಲ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರು. ಒಂದು ದಿನ ಜ್ಯೋತ್ಸ್ನಾ ಹೋಳಿಗೆ ಎತ್ತುವುದನ್ನು ಫೋನಿನಲ್ಲಿ ಹಿಡಿದು, ನಮ್ಮ ಬನಶಂಕರಿಯ ಸವಿ ಎಂದು ಬರೆದು, ತಮ್ಮ ಸಂಸಾರದ ವಾಟ್ಸಾಪ್ ಗುಂಪಿಗೆ ಹಾಕಿದರು. ಅವರ ಮನಸ್ಸಿನಲ್ಲಿ ಯಾವ ಕೆಡುಕೂ ಇರಲಿಲ್ಲ. ಬೇರೆ ಏನೂ ಇರಲಿಲ್ಲ ಎಂದರೂ ತಪ್ಪಲ್ಲ.

ಕೆಲವು ವಾರ ಕಳೆದ ಮೇಲೆ ಅದೇ ಬದರಿನಾಥರು ಗಂಭೀರ ಮುಖ ಮಾಡಿಕೊಂಡು ಬಂದರು. ಮೀನಾಕ್ಷಮ್ಮನನ್ನು ಪಕ್ಕಕ್ಕೆ ಕರೆದು ಫೋನು ತೋರಿಸಿದರು. 'ನಮ್ಮ ವಾರ್ಡ್ ನಮ್ಮ ಜನ' ಎಂಬ ಪುಟದಿಂದ ಬಂದ ಚಿತ್ರ. ಮೇಲಿನ ಅರ್ಧದಲ್ಲಿ ಯಾರದೋ ಹಳೆಯ ಕಪ್ಪುಬಿಳುಪು ಅಜ್ಜಿ, ಪಕ್ಕದಲ್ಲಿ 'ಅಂದು: ಅಜ್ಜಿ ಕೈ ಹೋಳಿಗೆ'. ಕೆಳಗಿನ ಅರ್ಧದಲ್ಲಿ ಜ್ಯೋತ್ಸ್ನಾ, ಪಕ್ಕದಲ್ಲಿ 'ಇಂದು: ಢಾಕಾ ಕೈ ಹೋಳಿಗೆ. ತಿನ್ನಿ, ನಾಳೆ ಮನೇನೂ ಬಿಟ್ಟುಕೊಡಿ'. ಕೆಳಗೆ ಹೊಟ್ಟೆ ಹಿಡಿದುಕೊಂಡು ನಗುವ ಹಳದಿ ಮುಖಗಳ ಸಾಲು.

"ನಿಮ್ಮಂಗಡಿ ಥರಾನೇ ಇದೆಯಲ್ಲ ಅಂತ ನೋಡ್ದೆ. ಈ ಹುಡುಗಿ ಬಾಂಗ್ಲಾದೋಳಂತೆ, ಹೌದಾ?" ಎಂದು ಕೇಳಿದರು.

ಮೀನಾಕ್ಷಮ್ಮ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. ಚಿತ್ರದ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬಿ ಕಾಣುತ್ತಿತ್ತು. ಅದರ ಮೇಲೆ 'ವಿಮಲಾ' ಎಂದು ಕೊರೆದಿತ್ತು.

"ಈ ಡಬ್ಬಿ ಯಾರದು ಸಾರ್?" ಎಂದಳು.

ಬದರಿನಾಥರು ಕನ್ನಡಕ ಮೇಲೇರಿಸಿ ನೋಡಿದರು. ತಾವೇ ತೆಗೆದ ಫೋಟೋ ಊರೆಲ್ಲ ಸುತ್ತಿ ತಮಗೇ ಸುದ್ದಿಯಾಗಿ ಬಂದದ್ದು ಅವರಿಗೆ ಆಗ ಹೊಳೆಯಿತು. ಒಂದು ಗಳಿಗೆ ಮುಖ ಬಾಡಿತು. ಆಮೇಲೆ, ಆದರೂ ಒಂದು ಸಲ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದಲ್ಲವೇ, ಇಷ್ಟು ಜನ ಹೇಳುತ್ತಿರುವಾಗ ಎಂದರು. ಇಷ್ಟು ಜನ ಎಂದರೆ ಯಾರು ಎಂದು ಮೀನಾಕ್ಷಮ್ಮ ಕೇಳಲಿಲ್ಲ. ಕೇಳಿದ್ದರೆ ಅವರು ಮತ್ತೆ ಫೋನನ್ನೇ ತೋರಿಸುತ್ತಿದ್ದರು. ಡಬ್ಬಿ ತುಂಬಿ ಕೊಟ್ಟಳು. ತೆಗೆದುಕೊಂಡು ಹೋದರು. ಢಾಕಾ ಕೈ ಹೋಳಿಗೆಯನ್ನು ಮಾತ್ರ ಬಿಡಲಿಲ್ಲ.

ಎಲ್ಲರೂ ಅವರ ಹಾಗಿರಲಿಲ್ಲ. ಬರುವವರು ಕಮ್ಮಿಯಾದರು. ಬಂದವರು ಕಾವಲಿಯ ಬದಲು ಜ್ಯೋತ್ಸ್ನಾಳ ಮುಖ ನೋಡತೊಡಗಿದರು. ಕತ್ತಿರಗುಪ್ಪೆಯಿಂದ ಬರುತ್ತಿದ್ದ ಒಬ್ಬಾಕೆ, ಒಳಗಡೆ ನೀವೇ ಮಾಡಿದ್ದೇನಾದರೂ ಇದೆಯಾ ಎಂದು ಪಿಸುಗುಟ್ಟಿ ಕೇಳಿದಳು. ಚನ್ನಬಸವಯ್ಯನಿಗೆ ದಿಗಿಲಾಯಿತು. ಹೆಂಡತಿ ಬೇಡವೆಂದರೂ ಕೇಳದೆ ಜ್ಯೋತ್ಸ್ನಾಳ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿ ಗಲ್ಲಾದ ಮೇಲಿನ ಗೋಡೆಗೆ ಅಂಟಿಸಿದ. ಮಾರನೆಯ ದಿನವೇ ಯಾರೋ ಅದರ ಫೋಟೋ ತೆಗೆದರು, ಸಂಜೆಗೆ ಹೊಸ ಚಿತ್ರ ಬಂತು: 'ಎರಡು ಹೋಳಿಗೆ ತಗೊಂಡ್ರೆ ಒಂದು ಆಧಾರ್ ಫ್ರೀ'. ಚನ್ನಬಸವಯ್ಯ ಅದನ್ನು ನೋಡಿ ತನಗರಿವಿಲ್ಲದೆ ನಕ್ಕುಬಿಟ್ಟ. ಹೆಂಡತಿ ನೋಡುತ್ತಿದ್ದಾಳೆಂದು ತಿಳಿದು ಕೆಮ್ಮಿದ. ಮೀನಾಕ್ಷಮ್ಮ ಎದ್ದು ಹೋಗಿ ಗೋಡೆಯ ಕಾಗದ ಹರಿದು ಹಾಕಿದಳು. ನಗಬೇಕೆಂದು ಕೂತವನ ಮುಂದೆ ಪುರಾವೆ ಇಟ್ಟರೆ ಅದೂ ನಗೆಗೇ ಸೇರುತ್ತದೆ ಎಂದು ಅವಳಿಗೆ ಶ್ರೀನಗರದ ನಲ್ಲಿಯ ಹತ್ತಿರವೇ ಗೊತ್ತಾಗಿತ್ತು.

ಆಮೇಲೆ ಇನ್ನೊಂದು ಕಡೆಯವರು ಬಂದರು. ಬಿಟಿಎಂ ಲೇಔಟಿನಿಂದ, ಜೆ.ಪಿ. ನಗರದಿಂದ, ಖಾದಿ ಅಂಗಿ ತೊಟ್ಟ, ಬಟ್ಟೆಯ ಚೀಲ ನೇತುಹಾಕಿಕೊಂಡ ಹುಡುಗ ಹುಡುಗಿಯರು. 'ಪ್ರೀತಿಗೆ ಗಡಿಯಿಲ್ಲ' ಎಂಬ ಪುಟದಲ್ಲಿ ಜ್ಯೋತ್ಸ್ನಾಳ ಅದೇ ಚಿತ್ರದ ಸುತ್ತ ಹೂವು ಬರೆದು, 'ಈ ಕೈಗೆ ದೇಶ ಯಾವುದು?' ಎಂದು ಹಾಕಿದ್ದರಂತೆ. ಅದನ್ನು ನೋಡಿ ಬೆಂಬಲ ಕೊಡಲು ಬಂದಿದ್ದೇವೆ ಎಂದರು. ನಾಲ್ವರಿಗೆ ಒಂದು ಹೋಳಿಗೆ ತೆಗೆದುಕೊಂಡು ಅದನ್ನು ತಿನ್ನುವ ಮೊದಲು ಬಹಳ ಹೊತ್ತು ಫೋಟೋ ತೆಗೆದರು. ಜ್ಯೋತ್ಸ್ನಾಳಿಗೆ ಬಾಂಗ್ಲಾ ಭಾಷೆಯಲ್ಲಿ ಏನಾದರೂ ಹೇಳು ಎಂದರು. ಒಬ್ಬ ಹುಡುಗಿ, ಭಯವಾಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದು ಜ್ಯೋತ್ಸ್ನಾ ಹೇಳಿದ್ದಕ್ಕೆ, ಇನ್ನೊಂದು ಸಲ ಹೇಳುತ್ತೀರಾ ಅಕ್ಕ, ಬೆಳಕು ಸರಿಯಿರಲಿಲ್ಲ ಎಂದಳು. ಅಲ್ಲಿಂದ ಜ್ಯೋತ್ಸ್ನಾ ವಾಸವಿದ್ದ ಜಾಗಕ್ಕೂ ಹೋದರು. ಜೆ.ಪಿ. ನಗರದ ಕೊನೆಯಲ್ಲಿ ತಗಡು ಹೊದಿಸಿದ ಕೋಣೆಗಳ ಸಾಲು. ಅಲ್ಲಿ ಜ್ಯೋತ್ಸ್ನಾ ಮತ್ತು ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ಸಬೀನಾಳನ್ನು ಅಕ್ಕಪಕ್ಕ ನಿಲ್ಲಿಸಿ ವಿಡಿಯೋ ಮಾಡಿಕೊಂಡು, ಕಣ್ಣು ಒರೆಸಿಕೊಂಡು ಹೋದರು. ಬೈದವರಿಗೂ ಇವರಿಗೂ ಏನು ವ್ಯತ್ಯಾಸ ಎಂದು ಮೀನಾಕ್ಷಮ್ಮ ಯೋಚಿಸಿದಳು. ಬೈದವರು ಕಡೇಪಕ್ಷ ಅಂಗಡಿಯ ಮುಂದೆ ಜಾಗ ಹಿಡಿದುಕೊಂಡು ನಿಲ್ಲುತ್ತಿರಲಿಲ್ಲ.

ಇದನ್ನೆಲ್ಲ ಮಾಡುತ್ತಿರುವವನು ಯಾರು ಎಂದು ಬದರಿನಾಥರೇ ಬಾಯಿಬಿಟ್ಟರು. ವಿಮಲಾ ಅವರ ತಂಗಿಯ ಮಗ, ಮಯೂರ್. ಸಂಸಾರದ ಗುಂಪಿನಿಂದ ಫೋಟೋ ಎತ್ತಿಕೊಂಡವನು ಅವನೇ. ಹುಡುಗ ಬಹಳ ಬುದ್ಧಿವಂತ ಎಂದೂ ಸೇರಿಸಿದರು. ಮೀನಾಕ್ಷಮ್ಮ ವಿಳಾಸ ತೆಗೆದುಕೊಂಡು ಬಿಟಿಎಂ ಲೇಔಟಿಗೆ ಆಟೋ ಹತ್ತಿದಳು.

ಜಿಮ್ ಒಂದರ ಮೇಲಿನ ಕೋಣೆ. ಕೆಳಗೆ ಕಬ್ಬಿಣ ಬಿದ್ದಾಗಲೆಲ್ಲ ನೆಲ ಅದುರುತ್ತಿತ್ತು. ಮಯೂರ್ ಬೆಳ್ಳಗೆ, ತೆಳ್ಳಗೆ, ಬಹಳ ವಿನಯದ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ಕೊಟ್ಟ, ಚಿಕ್ಕಂದಿನಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ನಿಮ್ಮದೇ ಹೋಳಿಗೆ ತಿಂದಿದ್ದೇನೆ ಎಂದ. ಅವನ ಮೇಜಿನ ಮೇಲೆ ಎರಡು ಪರದೆಗಳಿದ್ದವು. ಒಂದರಲ್ಲಿ 'ನಮ್ಮ ವಾರ್ಡ್ ನಮ್ಮ ಜನ'. ಇನ್ನೊಂದರಲ್ಲಿ ಜ್ಯೋತ್ಸ್ನಾಳ ಸುತ್ತ ಅರ್ಧ ಬರೆದ ಹೂವುಗಳು.

ಎರಡನೆಯದೂ ನೀನೇ ಮಾಡುವುದಾ ಎಂದು ಮೀನಾಕ್ಷಮ್ಮ ಕೇಳಿದಳು. ಅವನು ನಾಚಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ.

"ಎರಡೂ ನಂದೇ ಆಂಟಿ. ಕ್ಲೈಂಟ್ ಬೇರೆ ಬೇರೆ."

"ಅವಳು ಕೂಚ್ ಬೆಹಾರದೋಳು. ಅದು ಇಂಡಿಯಾದಲ್ಲೇ ಇದೆ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಂಟಿ, ಗೂಗಲ್ ಮಾಡ್ದೆ. ಆದ್ರೆ ಕೂಚ್ ಬೆಹಾರ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಢಾಕಾ ಅಂದ್ರೆ ಓಡುತ್ತೆ."

"ನಿಂಗೆ ಏನನ್ಸುತ್ತೆ? ಅವರು ಇಲ್ಲಿರಬೇಕಾ, ಹೋಗಬೇಕಾ?"

ಮಯೂರ್ ನಿಜವಾಗಿಯೂ ಯೋಚಿಸಿದ. ಇಂಥ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅನ್ಸೋದಕ್ಕೇನಿದೆ ಆಂಟಿ. ಅದೆಲ್ಲ ನೋಡೋರಿಗೆ ಬಿಟ್ಟಿದ್ದು," ಎಂದ.

ಮೀನಾಕ್ಷಮ್ಮ ಜಗಳಕ್ಕೆಂದು ಹೋಗಿದ್ದಳು. ಆದರೆ ಜಗಳವಾಡಲು ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ. ಕೋಣೆಯ ಬಾಗಿಲು ದಾಟುವಾಗ ಅವನು ಹಿಂದಿನಿಂದ ಬಂದು ಸಮಾಧಾನ ಹೇಳಿದ. ಆ ಹುಡುಗಿಯ ಮನೆತನದ ಹೆಸರು ಬರ್ಮನ್ ಅಂತ ಆಧಾರ್‌ನಲ್ಲಿ ನೋಡಿದೆವು, ಹಿಂದೂ ಅಂತ ಗೊತ್ತಾಯಿತು, ಸೋಮನಾಥ್ ಸಾರ್ ಅವರೇ ತಿದ್ದಿ ಹಾಕು ಅಂದಿದ್ದಾರೆ, ನಾಳೆಯಿಂದ ನಿಮಗೆ ತೊಂದರೆ ಇರುವುದಿಲ್ಲ ಎಂದ.

ಸೋಮನಾಥ್ ಎಂದರೆ ಯಾರು ಎಂದು ಆ ಭಾಗದಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಬರಲಿರುವ, ಬರುತ್ತಲೇ ಇರುವ ಕಾರ್ಪೊರೇಷನ್ ಚುನಾವಣೆಗೆ ವಾರ್ಡಿನಿಂದ ನಿಲ್ಲಬೇಕೆಂದು ವರ್ಷಗಳಿಂದ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತಿದ್ದ ಮನುಷ್ಯ. ಗಣೇಶನ ಹಬ್ಬಕ್ಕೂ ಕೈ ಮುಗಿಯುತ್ತಿದ್ದ, ಬಸವ ಜಯಂತಿಗೂ ಮುಗಿಯುತ್ತಿದ್ದ, ಯಾರಾದರೂ ಸತ್ತರೂ ಅದೇ ಫೋಟೋ.

ತಿದ್ದುಪಡಿ ಹೇಳಿದಂತೆಯೇ ಬಂತು. ಜ್ಯೋತ್ಸ್ನಾಳ ಚಿತ್ರದ ಹಣೆಗೆ ದೊಡ್ಡ ಕುಂಕುಮ ಬರೆದು, 'ಕ್ಷಮಿಸು ಸೋದರಿ, ನೀನು ನಮ್ಮವಳು' ಎಂದು ಹಾಕಿದ್ದರು. ಅದರ ಪಕ್ಕದಲ್ಲಿ ಸಬೀನಾ. ಬೆಂಬಲ ಕೊಡಲು ಬಂದವರು ಮಾಡಿಕೊಂಡು ಹೋದ ವಿಡಿಯೋದಿಂದ ಕತ್ತರಿಸಿದ ಮುಖ. ಕೆಳಗೆ, 'ಆದರೆ ಇವಳ ನೆರಳಿನಲ್ಲಿ ನುಸುಳಿ ಬಂದವಳು ಯಾರು?'

ಸಬೀನಾ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಿದ್ದಳು. ನಾಳೆಯಿಂದ ಬರಬೇಡ ಎಂದು ಅಂದೇ ಹೇಳಿ ಕಳಿಸಿದರು. ಹೇಳಿದಾಕೆ ಬಹಳ ಒಳ್ಳೆಯವಳು, ಒಂದು ಹಳೆಯ ಸ್ವೆಟರನ್ನೂ ಕೊಟ್ಟಳಂತೆ.

ಜ್ಯೋತ್ಸ್ನಾ ಬೆಳಿಗ್ಗೆ ಬಂದವಳು ಒಲೆ ಹಚ್ಚದೆ ನಿಂತಳು. ನಮ್ಮಿಬ್ಬರ ಊರಿಗೂ ನಡುವೆ ಒಂದು ಗದ್ದೆ ಬಯಲು ಅಷ್ಟೆ, ಒಂದೇ ರೈಲಿನಲ್ಲಿ ಬಂದದ್ದು, ನನಗೆ ಜ್ವರ ಬಂದಾಗ ನೋಡಿಕೊಂಡವಳು ಅವಳು ಎಂದಳು. "ನಂಗೆ ಮಾತ್ರ ಸಾರಿ ಕೇಳಿದ್ರೆ ಅವಳು ಸಿಕ್ಕಾಕೊಂಡ್ಳು ಅಮ್ಮ. ನೀವು ಹೇಳಿ ಅವರಿಗೆ. ನೀವು ಹೇಳಿದ್ರೆ ಕೇಳ್ತಾರೆ," ಎಂದಳು. ಮೀನಾಕ್ಷಮ್ಮನ ಮಾತನ್ನು ಊರು ಕೇಳುತ್ತದೆ ಎಂದು ನಂಬಿದ್ದ ಒಬ್ಬಳೇ ಒಬ್ಬಳು ಅವಳು. ಯಾಕೆಂದರೆ ಅಂಗಡಿಯೊಳಗೆ ಎಲ್ಲರೂ ಕೇಳುತ್ತಿದ್ದರು.

ಅದೇ ವಾರ ಸೋಮನಾಥ್ ಹಣ್ಣಿನ ಬುಟ್ಟಿ ಹಿಡಿದು ಬಂದ. ನೀವು ನಮ್ಮೋರೇ ಅಮ್ಮ, ಮೊದಲೇ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ಜಯನಗರದಲ್ಲಿ ರಾಜ್ಯೋತ್ಸವದ ಸಭೆ ಇಟ್ಟುಕೊಂಡಿದ್ದೇವೆ, ನಾಡಿನ ಕೈರುಚಿ ಉಳಿಸಿದವರೆಂದು ನಿಮಗೆ ಸನ್ಮಾನ, ನೀವು ನಾಲ್ಕು ಮಾತು ಆಡಬೇಕು ಎಂದ. ಗಲ್ಲಾದಲ್ಲಿದ್ದ ಚನ್ನಬಸವಯ್ಯ ಆಗಲೇ ಎದ್ದು ನಿಂತಿದ್ದ. ಸನ್ಮಾನ ಎಂಬ ಮಾತು ಅವನ ಜೀವನದಲ್ಲಿ ಈವರೆಗೆ ಬೇರೆಯವರ ಮನೆಗೆ ಮಾತ್ರ ಹೋಗಿತ್ತು.

"ಮೈಕು ಕೊಡ್ತೀರಾ?" ಎಂದು ಮೀನಾಕ್ಷಮ್ಮ ಕೇಳಿದಳು.

ಖಂಡಿತ ಕೊಡುತ್ತೇವೆ ಎಂದ ಸೋಮನಾಥ್.

ಸಭೆಯ ದಿನ ಸಂಜೆ ಶಾಮಿಯಾನ ತುಂಬಿತ್ತು. ಉಪ್ಪಿಟ್ಟು ಕೇಸರಿಬಾತು ಇದ್ದದ್ದರಿಂದ ತುಂಬಲೇಬೇಕಿತ್ತು. ಮುಂದಿನ ಸಾಲಿನಲ್ಲಿ ಬದರಿನಾಥರು ಹೆಂಡತಿಯ ಜೊತೆ ಕೂತಿದ್ದರು. ಮೀನಾಕ್ಷಮ್ಮನಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ಅವಳು ಪೇಟವನ್ನು ತೆಗೆದು ಕುರ್ಚಿಯ ಮೇಲೆ ಇಟ್ಟು ಮೈಕಿನ ಮುಂದೆ ಬಂದಳು. ಮನೆಯಲ್ಲಿ ಯಾವುದನ್ನೂ ಬರೆದುಕೊಂಡಿರಲಿಲ್ಲ. ಸಿಟ್ಟೇ ಬಾಯಿಗೆ ಮಾತು ತಂದುಕೊಟ್ಟಿತು.

"ಹೊರಗಿನವರನ್ನೆಲ್ಲ ಓಡಿಸ್ಬೇಕು ಅಂತಾರೆ ಇವರು," ಎಂದು ಬೆರಳೆತ್ತಿ ಶುರು ಮಾಡಿದಳು. "ಸರಿ, ಓಡ್ಸಿ. ಒಬ್ಬರನ್ನೂ ಬಿಡಬೇಡಿ. ನನ್ನಿಂದಾನೇ ಶುರು ಮಾಡಿ. ನಾನು ಹರಪನಹಳ್ಳಿಯಿಂದ ಬಂದೋಳು, ನನ್ನ ಮಾತು ಕೇಳಿ ನಕ್ಕಿದೀರಿ ನೀವು. ಇಲ್ಲಿ ಮುಂದೆ ಕೂತಿರೋ ಸಾರ್ ತಾತ ತಂಜಾವೂರಿಂದ ಬಂದೋರು, ಅವರೇ ನಂಗೆ ಹೇಳಿದಾರೆ. ಸೋಮನಾಥ್ ಅವರ ತಂದೆ ಬೈಲಹೊಂಗಲದಿಂದ. ಎಲ್ಲಾರೂ ಹೊಟ್ಟೆಪಾಡಿಗೆ ಬಂದೋರೇ. ಮೊದಲು ಬಂದೋರು ಬಾಗಿಲು ಹಾಕ್ಕೊಂಡ್ರೆ ಅದಕ್ಕೆ ನಾಡಭಕ್ತಿ ಅಂತ ಹೆಸರು. ಜ್ಯೋತ್ಸ್ನಾ ಹತ್ರ ಸಾರಿ ಕೇಳಿದ್ರಿ. ಸಬೀನಾ ಹತ್ರ ಯಾಕೆ ಕೇಳ್ಲಿಲ್ಲ? ಅವಳೇನು ನಿಮ್ಮ ಮನೆ ಕದ್ದಳಾ? ನಿಮ್ಮ ಮೆಟ್ಟಿಲು ಒರೆಸಿದ್ಳು."

ಇನ್ನೂ ಬಹಳ ಹೇಳಿದಳು. ತಿಂದ ಎಲೆ ಚರಂಡಿಗೆ ಎಸೆಯುವುದನ್ನೂ ಬಿಡಲಿಲ್ಲ. ಜನ ಮೊದಲು ಗಲಿಬಿಲಿಗೊಂಡರು, ಆಮೇಲೆ ನಕ್ಕರು, ಕೊನೆಗೆ ಜೋರಾಗಿ ಚಪ್ಪಾಳೆ ತಟ್ಟಿದರು. ಬೈಸಿಕೊಂಡು ಚಪ್ಪಾಳೆ ತಟ್ಟುವವರನ್ನು ಏನೆಂದು ಕರೆಯುವುದು ಎಂದು ತಿಳಿಯದೆ ಅವಳು ವೇದಿಕೆಯಿಂದ ಇಳಿದಳು. ಸೋಮನಾಥ್ ಕೂಡ ನಗುತ್ತಲೇ ಕೈ ಮುಗಿದ. ಪಕ್ಕದಲ್ಲಿ ಮಯೂರ್ ಕ್ಯಾಮೆರಾದ ಸ್ಟ್ಯಾಂಡ್ ಮಡಚುತ್ತಿದ್ದ. ಆದರೂ ಆ ಸಂಜೆ ಶ್ರೀನಗರದ ಮನೆಗೆ ಹೋಗುವಾಗ ಅವಳ ಎದೆ ಹಗುರವಾಗಿತ್ತು. ಹೇಳಬೇಕಾದ್ದನ್ನು ಹೇಳಿದ್ದಾಯಿತು, ಕೇಳಿದವರು ಇಷ್ಟು ಜನ ಇದ್ದಾರೆ ಎಂದುಕೊಂಡಳು.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಸಾಲು ನಿಂತಿತ್ತು. ಅವಳಿಗೆ ಅರ್ಥವಾಗಲಿಲ್ಲ. ಹೆಗಲ ಮೇಲೆ ಕೇಸರಿ ಟವೆಲ್ ಹಾಕಿದ ಒಬ್ಬ ಯುವಕ ಮುಂದೆ ಬಂದು ಕಾಲು ಮುಟ್ಟಿದ. ಏನಾಯಿತೆಂದು ಚನ್ನಬಸವಯ್ಯ ಫೋನು ತೋರಿಸಿದ ಮೇಲೆ ತಿಳಿಯಿತು. ಡೊಳ್ಳಿನ ಸದ್ದು, ಬೆಂಕಿಯ ಅಕ್ಷರದಲ್ಲಿ 'ಗುಡುಗಜ್ಜಿ', ನಡುವೆ ಬೆರಳೆತ್ತಿದ ಅವಳು. "ಹೊರಗಿನವರನ್ನೆಲ್ಲ ಓಡಿಸ್ಬೇಕು. ಓಡ್ಸಿ. ಒಬ್ಬರನ್ನೂ ಬಿಡಬೇಡಿ." ಅಷ್ಟೆ. ಮತ್ತೆ ಡೊಳ್ಳು. ಮುಗಿದ ಕೂಡಲೇ ತಾನಾಗಿ ಮೊದಲಿನಿಂದ ಶುರುವಾಗುತ್ತಿತ್ತು.

ಅವಳು ಕೂಗಿದಳು. ಸಾಲಿನಲ್ಲಿ ನಿಂತವರಿಗೆ, ನಾನು ಹಾಗೆ ಹೇಳಲಿಲ್ಲ, ಅದು ಅರ್ಧ ಮಾತು ಎಂದಳು. ಅವಳು ಕೂಗಿದಷ್ಟೂ ಅವರು ಫೋನು ಮೇಲೆತ್ತಿದರು. ಅಜ್ಜಿ ನಿಜವಾಗಲೂ ಹೀಗೇ ಗುಡುಗುತ್ತಾರೆ ಎಂದು ಒಬ್ಬನಿಗೊಬ್ಬ ಹೇಳಿಕೊಂಡರು. ವಿಲ್ಸನ್ ಗಾರ್ಡನ್ನಿನಿಂದ ಬಂದಿದ್ದ ದಂಪತಿ, ಬೆರಳನ್ನು ಇನ್ನೂ ಸ್ವಲ್ಪ ಮೇಲೆ ಎತ್ತುತ್ತೀರಾ ಎಂದು ಕೇಳಿದರು. ಇತ್ತ ಖಾದಿ ಅಂಗಿಯವರಲ್ಲೂ ಅವಳು ಸುದ್ದಿಯಾಗಿದ್ದಳು. 'ಪ್ರೀತಿಗೆ ಗಡಿಯಿಲ್ಲ' ಪುಟದಲ್ಲಿ ಅವಳ ಅದೇ ಬೆರಳಿನ ಚಿತ್ರಕ್ಕೆ 'ಹೂರಣದೊಳಗೆ ವಿಷ' ಎಂದು ಹೆಸರಿಟ್ಟಿದ್ದರು. ಭಯವಾಗುತ್ತದೆಯೇ ಎಂದು ಕೇಳಿದ್ದ ಆ ಹುಡುಗಿ ಅದನ್ನು ಹಂಚಿಕೊಂಡು, ನಾವು ಮೋಸಹೋದೆವು ಎಂದು ಉದ್ದಕ್ಕೆ ಬರೆದಿದ್ದಳು.

ಮೀನಾಕ್ಷಮ್ಮ ಮಯೂರನಿಗೆ ಫೋನು ಮಾಡಿದಳು. ಅವನು ಎಂದಿನಂತೆ ವಿನಯದಿಂದಲೇ ಮಾತಾಡಿದ. ಪೂರ್ತಿ ಭಾಷಣವನ್ನೂ ಹಾಕಿದ್ದೇನೆ ಆಂಟಿ, ಬೇಕಾದರೆ ನೋಡಿ ಎಂದ. ಹಾಕಿದ್ದು ನಿಜವೇ. ಅದನ್ನು ನೋಡಿದವರು ಅಂಗಡಿಯ ಸಾಲಿನಷ್ಟೂ ಇರಲಿಲ್ಲ. ನೋಡಿದವರಲ್ಲೂ ಒಬ್ಬ, ಬಹಳ ಉದ್ದವಾಯಿತು ಗುರು ಎಂದು ಬರೆದಿದ್ದ.

ಮಧ್ಯಾಹ್ನ ಬದರಿನಾಥರು ಡಬ್ಬಿ ಹಿಡಿದು ಬಂದರು. ಮುಖದಲ್ಲಿ ಹೆಮ್ಮೆ. ಜಯನಗರದ ಪಾರ್ಕಿನಲ್ಲಿ ಎಲ್ಲರಿಗೂ ಇವರು ನನಗೆ ಗೊತ್ತು ಎಂದು ಹೇಳಿಬಂದಿದ್ದರಂತೆ.

"ಸರಿಯಾಗಿ ಹೇಳಿದ್ರಿ ಮೀನಾಕ್ಷಮ್ಮನೋರೆ. ಯಾರಾದ್ರೂ ಧೈರ್ಯವಾಗಿ ಹೇಳ್ಬೇಕಿತ್ತು, ಓಡಿಸ್ಬೇಕು ಅಂತ."

"ಸಾರ್, ನೀವು ಮುಂದಿನ ಸಾಲಲ್ಲೇ ಕೂತಿದ್ರಿ. ಪೂರ್ತಿ ಕೇಳಿದೀರಿ."

"ಅದನ್ನೇ ಎಲ್ಲರಿಗೂ ಹೇಳ್ತಿದೀನಿ," ಎಂದರು ಬದರಿನಾಥರು. "ವಿಡಿಯೋ ಅಲ್ಲ, ನಾನು ಕಿವಿಯಾರೆ ಕೇಳಿದ್ದು."

ಮೀನಾಕ್ಷಮ್ಮ ಅವರ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ತಾತನ ತಂಜಾವೂರನ್ನು ಅವರು ಕೇಳಿದ್ದರು, ನಕ್ಕಿದ್ದರು. ರಾತ್ರಿಯೆಲ್ಲ ಆ ತುಣುಕನ್ನು ಮತ್ತೆ ಮತ್ತೆ ನೋಡಿ, ಕೇಳಿದ್ದು ಅಳಿಸಿಹೋಗಿ ನೋಡಿದ್ದೇ ಉಳಿದಿತ್ತು. ಮೋಸಗಾರನ ಮೇಲೆ ಸಿಟ್ಟು ಮಾಡಬಹುದು. ಇವರ ಮೇಲೆ ಮಾಡಲು ಸಿಟ್ಟೂ ದಂಡ ಎನ್ನಿಸಿತು ಅವಳಿಗೆ.

ಈ ಗದ್ದಲದಲ್ಲಿ ಜ್ಯೋತ್ಸ್ನಾ ಬಂದಿರಲಿಲ್ಲ. ಫೋನು ಸ್ವಿಚ್ ಆಫ್. ಮೀನಾಕ್ಷಮ್ಮ ತಾನೇ ಹೋಳಿಗೆ ತಟ್ಟಿದಳು, ಭುಜ ನೋಯತೊಡಗಿದ ಮೇಲೆ ಅಂಗಡಿಯನ್ನು ಗಂಡನ ಪಾಲಿಗೆ ಬಿಟ್ಟು ಜೆ.ಪಿ. ನಗರದ ಕೊನೆಗೆ ಹೊರಟಳು. ತಗಡಿನ ಸಾಲಿನ ಕೋಣೆಗಳಲ್ಲಿ ಅರ್ಧ ಖಾಲಿಯಾಗಿದ್ದವು. ಜಾಗದ ಮಾಲೀಕ ಶಾಂತವೀರಪ್ಪ ಕುರ್ಚಿ ಹಾಕಿಕೊಂಡು ಹೊರಗೇ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ, ಗುರುತು ಹಿಡಿದು ಹಲ್ಲು ಕಿರಿದ.

"ನೀವು ಹೇಳಿದ್ ಮೇಲೆ ಸುಮ್ನೆ ಇರೋಕಾಗುತ್ತಾ ಅಮ್ಮ? ಬೆಳಿಗ್ಗೆನೇ ಆ ಕಡೆಯೋರನ್ನೆಲ್ಲ ಖಾಲಿ ಮಾಡಿಸ್ದೆ," ಎಂದ.

ಅವಳು ಜ್ಯೋತ್ಸ್ನಾಳ ಕೋಣೆಯ ಬಾಗಿಲು ತಳ್ಳಿ ನೋಡಿದಳು. ಎಲ್ಲಿಗೆ ಹೋದರು ಎಂದು ಕೇಳಿದಳು. ಅದು ನನಗೇನು ಗೊತ್ತು, ರೈಲ್ವೆ ಸ್ಟೇಷನ್ನಿಗೆ ಹೋಗಿರಬೇಕು ಎಂದ ಶಾಂತವೀರಪ್ಪ. ಕೋಣೆಯಲ್ಲಿ ಇಬ್ಬರು ಹೆಂಗಸರಿದ್ದರಲ್ಲ, ಅದರಲ್ಲಿ ಒಬ್ಬಳು ನಮ್ಮವಳಂತೆ, ಅವಳನ್ನು ಇರು ಎಂದೆ, ಇನ್ನೊಬ್ಬಳ ಕೈ ಹಿಡಿದುಕೊಂಡು ತಾನೂ ಹೋದಳು, ಅಹಂಕಾರ ಎಂದು ಸೇರಿಸಿದ. ಹೇಳುತ್ತಲೇ ಫೋನು ತೆಗೆದು ಅವಳ ಪಕ್ಕಕ್ಕೆ ಬಂದು ನಿಂತು, ಒಂದು ಸೆಲ್ಫಿ ಅಮ್ಮ ಎಂದ.

ಮೀನಾಕ್ಷಮ್ಮ ಅವನ ಕೈಯಿಂದ ಫೋನು ಕಸಿದು ಎದುರಿನ ಮೋರಿಗೆ ಎಸೆದಳು. ಅದು ಕೊಳಕು ನೀರಿನಲ್ಲಿ ಮುಳುಗಿದ್ದನ್ನು ನಿಂತು ನೋಡಿ ಆಟೋ ಹತ್ತಿದಳು. ಅವನು ಹಿಂದೆ ಕೂಗುತ್ತಿದ್ದ. ಬಹಳ ವರ್ಷಗಳಲ್ಲಿ ಅವಳಿಗೆ ಅಷ್ಟು ಸಮಾಧಾನ ಕೊಟ್ಟ ಕೆಲಸ ಇನ್ನೊಂದಿರಲಿಲ್ಲ. ಆದರೆ ಆಟೋ ತಿರುವು ದಾಟುವುದರೊಳಗೆ ಆ ಸಮಾಧಾನವೂ ಹೋಯಿತು. ಖಾಲಿ ಕೋಣೆಗಳು ಹಾಗೆಯೇ ಇದ್ದವು, ಅವನ್ನು ಖಾಲಿ ಮಾಡಿಸಿದ್ದು ಅವಳ ದನಿ.

ಜ್ಯೋತ್ಸ್ನಾಳ ಫೋನು ಸಂಜೆಗೆ ಬಂತು. ಹಿಂದೆ ರೈಲಿನ ಸದ್ದು. ಹಲೋ ಕೂಡ ಎನ್ನದೆ ಮೀನಾಕ್ಷಮ್ಮ ವಿವರಿಸಲು ಶುರು ಮಾಡಿದಳು. ಪೂರ್ತಿ ಮಾತು ಅದಲ್ಲ, ಅದನ್ನು ಕತ್ತರಿಸಿದ್ದಾರೆ, ಸಬೀನಾಳ ಹೆಸರನ್ನೂ ಹೇಳಿದ್ದೆ ಎಂದಳು. ತನ್ನ ಬದುಕಿನಲ್ಲಿ ಯಾರಿಗೂ ಅವಳು ಹೀಗೆ ಸಮಜಾಯಿಷಿ ಕೊಟ್ಟಿರಲಿಲ್ಲ.

"ಗೊತ್ತು ಅಮ್ಮ," ಎಂದಳು ಜ್ಯೋತ್ಸ್ನಾ. "ನೀವು ಹಂಗೆ ಹೇಳಲ್ಲ ಅಂತ ನಂಗೆ ಗೊತ್ತು. ಆದ್ರೆ ನಂಗೊಬ್ಬಳಿಗೆ ಗೊತ್ತಿದ್ರೆ ಏನಾಗುತ್ತೆ? ಅವರೆಲ್ಲ ನೋಡಿದಾರೆ."

ವಾಪಸ್ ಬಾ ಎಂದು ಮೀನಾಕ್ಷಮ್ಮ ಕರೆದಳು. ಇಬ್ಬರೂ ಬನ್ನಿ, ನಮ್ಮ ಮನೆಯಲ್ಲೇ ಇರಿ ಎಂದಳು. ಸಬೀನಾ ತುಂಬ ಹೆದರಿದ್ದಾಳೆ, ಅವಳನ್ನು ಒಬ್ಬಳೇ ಬಿಡಲಾಗುವುದಿಲ್ಲ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಊರಿನವರಿದ್ದಾರೆ, ಅಲ್ಲಿಗೆ ಹೋಗುತ್ತೇವೆ ಎಂದಳು ಜ್ಯೋತ್ಸ್ನಾ. ಅತ್ತ ಸಬೀನಾ ಏನೋ ಕೇಳಿದ್ದು ಕೇಳಿಸಿತು. ಆಮೇಲೆ ರೈಲು ಯಾವುದೋ ಸೇತುವೆಯ ಮೇಲೆ ಹೋಗಿ ಮಾತು ಕೇಳದಾಯಿತು.

ಮರುದಿನ ಬೆಳಿಗ್ಗೆ ಮೀನಾಕ್ಷಮ್ಮ ಕಾವಲಿಯನ್ನು ಒಲೆಯಿಂದ ಇಳಿಸಿಬಿಟ್ಟಳು. ಇನ್ನು ಹೋಳಿಗೆ ಮಾಡುವುದಿಲ್ಲ, ರೊಟ್ಟಿ, ಚಟ್ನಿಪುಡಿ, ಹಪ್ಪಳ ಅಷ್ಟೆ ಎಂದಳು. ಚನ್ನಬಸವಯ್ಯ ತಲೆ ಮೇಲೆ ಕೈ ಹೊತ್ತುಕೊಂಡ. ಈ ಜನ್ಮದಲ್ಲಿ ಕಾಣದಷ್ಟು ವ್ಯಾಪಾರ ಬಾಗಿಲಿಗೆ ಬಂದು ನಿಂತಿದೆ, ಯಾರು ಯಾಕೆ ಬಂದರೆ ನಮಗೇನು, ತಿನ್ನುತ್ತಾರೆ ಹೋಗುತ್ತಾರೆ ಎಂದ. ಅವಳು ಅವನ ಜೊತೆ ವಾದ ಮಾಡಲಿಲ್ಲ. ನಿಮಗೆ ಬೇಕಾದರೆ ನೀವೇ ತಟ್ಟಿ ಎಂದಳು. ಅವನಿಗೆ ಕಣಕ ಕಲಸಲೂ ಬರುತ್ತಿರಲಿಲ್ಲ.

ಸಾಲಿನಲ್ಲಿ ಬಂದವರು ಖಾಲಿ ಕಟ್ಟೆ ನೋಡಿ ಮುನಿದರು. ಗುಡುಗಜ್ಜಿಗೆ ಕೊಬ್ಬು ಎಂದು ಚಿತ್ರ ಬಂತು. ಅದೂ ಒಂದೆರಡು ವಾರ. ಚುನಾವಣೆ ಮತ್ತೆ ಮುಂದಕ್ಕೆ ಹೋಯಿತು, 'ನಮ್ಮ ವಾರ್ಡ್ ನಮ್ಮ ಜನ' ಬೀದಿನಾಯಿಗಳ ಕಡೆ ತಿರುಗಿತು. ಬದರಿನಾಥರು ನಾಯಿಗಳ ಬಗ್ಗೆಯೂ ಅಷ್ಟೇ ಖಚಿತವಾದ ಅಭಿಪ್ರಾಯ ಇಟ್ಟುಕೊಂಡು ಬಂದು, ಡಬ್ಬಿಯ ತುಂಬ ಚಟ್ನಿಪುಡಿ ಕಟ್ಟಿಸಿಕೊಂಡು ಹೋಗತೊಡಗಿದರು. ಶಾಂತವೀರಪ್ಪನ ಕೋಣೆಗಳಿಗೆ ಒರಿಸ್ಸಾದ ಜನ ಬಂದರಂತೆ, ಬಾಡಿಗೆ ಹೆಚ್ಚಿಸಿದನಂತೆ.

ಯುಗಾದಿಗೆ ಎರಡು ದಿನವಿರುವಾಗ ಜ್ಯೋತ್ಸ್ನಾ ಫೋನು ಮಾಡಿದಳು. ಇಬ್ಬರಿಗೂ ಕೆಲಸ ಸಿಕ್ಕಿದೆ, ಸಬೀನಾ ಹೊಲಿಗೆ ಕಲಿಯುತ್ತಿದ್ದಾಳೆ ಎಂದಳು. ಅಲ್ಲಿಯ ಜನ ಹೇಗಿದ್ದಾರೆ ಎಂದು ಮೀನಾಕ್ಷಮ್ಮ ಕೇಳಿದಳು.

"ಇಲ್ಲಿ ನಮ್ಮನ್ನ ವಡಕ್ಕನ್ ಅಂತಾರೆ ಅಮ್ಮ. ಅಂದ್ರೆ ಉತ್ತರದೋರು ಅಂತ. ಅದಕ್ಕೂ ಫೋನಲ್ಲಿ ಜೋಕ್ ಇದೆ, ಸೂಪರ್‌ವೈಸರ್ ತೋರಿಸ್ದ," ಎಂದು ನಕ್ಕಳು. ಆಮೇಲೆ ಅಂಗಡಿಯ ವಿಚಾರ ಕೇಳಿದಳು. ಹಬ್ಬಕ್ಕೆ ಯಾರು ತಟ್ಟುತ್ತಿದ್ದಾರೆ ಎಂದಳು.

ಹೊರಗೆ ಕಟ್ಟೆಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಹಬ್ಬಕ್ಕಾದರೂ ಮಾಡುತ್ತೀರಾ ಎಂದು ಕೇಳಿ ಬಂದವರು, ಇಲ್ಲ ಎಂದ ಮೇಲೂ ಹೋಗದೆ ಫೋನು ನೋಡುತ್ತ ನಿಂತವರು. ಮೀನಾಕ್ಷಮ್ಮ ಅವರ ಕಡೆ ಒಂದು ಸಲ ನೋಡಿ, ದನಿ ತಗ್ಗಿಸದೆಯೇ ಹೇಳಿದಳು.

"ಯಾರೂ ಇಲ್ಲ ಕಣೇ. ಇವರ ಮುಖಕ್ಕೆ ಹೋಳಿಗೆ ಬೇರೆ ಕೇಡು."

ಅವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.